ಕಚ್ಚಿತೋ, ಜಾರಿತೋ

ಜೂನ್ 4

ಮರ ಕಡೆಯುವ ಶೆಡ್ಡಿನ ಸರ್ವಾಧಿಕಾರಿಗಳೂ, ಸದ್ಯಕ್ಕೆ ತಮ್ಮಕ್ಕನ ಮನೆಯಲ್ಲಿ ಕೈಗೆ ಕಟ್ಟು ಹಾಕಿಸಿಕೊಂಡು ಕುಳಿತಿರುವವರೂ ಆದ ಅಪ್ಪನವರ ಸನ್ನಿಧಿಗೆ,

ತಮ್ಮ ಏಕಮಾತ್ರ ಪುತ್ರಿಯೂ ಹಂಗಾಮಿ ಸರ್ವಾಧಿಕಾರಿಯೂ ಆದ ನಾನು ತಲೆಬಾಗಿ ಬಿನ್ನವಿಸಿಕೊಳ್ಳುವುದೇನೆಂದರೆ: ಫೋನಿನಲ್ಲಿ ತಾವು "ಹ್ಞೂಂ", "ಸರಿ" ಎಂಬ ಎರಡೇ ಶಬ್ದ ಖರ್ಚು ಮಾಡುವುದರಿಂದ, ಇನ್ನು ಮುಂದೆ ಆಡಳಿತದ ವಿಷಯಗಳನ್ನು ಕಾಗದದಲ್ಲೇ ಬರೆಯತಕ್ಕದ್ದೆಂದು ನಾನು ಮತ್ತು ಅಮ್ಮ ಸೇರಿದ ಸಭೆಯಲ್ಲಿ ತೀರ್ಮಾನವಾಗಿದೆ. ಅಮ್ಮ ಸಭೆಯ ನಡುವೆ ಹಾಲು ಉಕ್ಕಿತೆಂದು ಎದ್ದುಹೋದಳು. ಆದರೂ ತೀರ್ಮಾನ ಊರ್ಜಿತ.

ತಾವು ಬಸ್ಸು ಹತ್ತಿದ ಮಾರನೆಯ ದಿನದಿಂದ ಮರ ತಿರುಗಿಸುವ ಲೇತು ನನ್ನ ವಶದಲ್ಲಿದೆ. ಮೆಟ್ಟಿಲು ಮೇಸ್ತ್ರಿ ಬಂದು ಕಟಕಟೆಯ ಸಣ್ಣ ಕಂಬಗಳು ಯಾವಾಗ ಎಂದು ಕೇಳಿದರು. ನಾನೇ ಕಡೆಯುತ್ತಿದ್ದೇನೆ ಎಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, ಅಪ್ಪ ಯಾವಾಗ ಬರುತ್ತಾರೆ ಎಂದು ಕೇಳಿದರು. ಅವಮಾನವನ್ನು ಕಡತದಲ್ಲಿ ದಾಖಲಿಸಲಾಗಿದೆ.

ತೊಂದರೆ ಇಷ್ಟೆ. ಉಳಿಯ ತುದಿಯಲ್ಲಿ ಸ್ಕ್ರೂ ಹಾಕಿ ಕೂರಿಸುವ ಕಾರ್ಬೈಡ್ ಬಿಲ್ಲೆಗಳಿವೆಯಲ್ಲ, ಅವೆಲ್ಲ ಮೊಂಡಾಗಿವೆ. ಒಂದು ಅಂಚು ಸವೆದರೆ ಇನ್ನೊಂದಕ್ಕೆ ತಿರುಗಿಸುತ್ತ ನಾಲ್ಕು ಅಂಚೂ ಮುಗಿಸಿದ್ದಾಯಿತು. ಮಾಮೂಲಿ ಸಾಣೆಕಲ್ಲಿಗೆ ಉಜ್ಜಿದೆ. ಕಲ್ಲಿಗೆ ಗೀರು ಬಿತ್ತು, ಬಿಲ್ಲೆ ಹಾಗೇ ಇತ್ತು. ಕೊನೆಗೆ ತಮ್ಮ ಡ್ರಾಯರಿನಿಂದ ವಜ್ರದ ಪುಡಿ ಕೂರಿಸಿದ ಪಟ್ಟಿಯನ್ನು ಅಪಹರಿಸಿ, ಉಕ್ಕಿನ ಉಳಿಗೆ ಸಾಣೆ ಹಿಡಿಯುವ ಹಾಗೆಯೇ ಓರೆ ಅಂಚನ್ನು ಹಿಡಿದು ಎರಡು ಬಿಲ್ಲೆ ಉಜ್ಜಿದೆ. ಈಗ ಅವು ಮರವನ್ನು ಕಡೆಯುವುದಿಲ್ಲ, ಮರದ ಜೊತೆ ಜಗಳಕ್ಕೆ ನಿಲ್ಲುತ್ತವೆ.

ಶೆಡ್ಡಿನೊಳಗೆ ಸ್ಟೂಲು ತರಕೂಡದು, ಕೂತು ಕಡೆಯುವವನು ಕಡೆಯುವವನೇ ಅಲ್ಲ ಎಂಬ ತಮ್ಮ ಶಾಸನ ಪಾಲನೆಯಲ್ಲಿದೆ. ಸ್ಟೂಲು ಹಿತ್ತಲಿನಲ್ಲಿ ಗಡೀಪಾರು ಶಿಕ್ಷೆ ಅನುಭವಿಸುತ್ತಿದೆ.

ಬೆರಳುಗಳ ಸಮಾಚಾರವೇನು? ಮರ ಹಾರಿ ತಮ್ಮ ಬಲ ಮಣಿಕಟ್ಟಿಗೆ ಬಡಿದ ದಿನ ಡಾಕ್ಟರು "ಮೂಳೆ ಕೂಡುತ್ತೆ, ನರದ ವಿಷಯ ಆಮೇಲೆ ನೋಡೋಣ" ಅಂದದ್ದನ್ನು ಅಮ್ಮ ಬಾಯಿಪಾಠ ಮಾಡಿದ್ದಾಳೆ. ಪಾತ್ರೆ ತೊಳೆಯುವಾಗ ಒಪ್ಪಿಸುತ್ತಿರುತ್ತಾಳೆ.

ತಮ್ಮ ಆಜ್ಞಾಧಾರಕಳಾದ
ಕಪಿ


ಜೂನ್ 11

ಕಪಿಗೆ ಆಶೀರ್ವಾದ.

ಕಾಗದ ತಲುಪಿತು. ನಿನ್ನ ಅತ್ತೆ ಹೊಲಿಗೆ ಯಂತ್ರದ ಮುಂದೆ ಕೂತು ಓದಿ ನಕ್ಕಳು. ಯಾರದೋ ಕೋಟಿನ ತೋಳು ಸೊಟ್ಟಗಾಯಿತು. ಅದಕ್ಕೆ ನೀನೇ ಹೊಣೆಯಂತೆ.

ಓರೆ ಅಂಚನ್ನು ಮುಟ್ಟಬಾರದು. ಉಕ್ಕಿನ ಉಳಿಯ ದಾರಿ ಬೇರೆ, ಇದರದು ಬೇರೆ. ಬಿಲ್ಲೆಯನ್ನು ಬಿಚ್ಚು. ಮೇಲಿನ ಚಪ್ಪಟೆ ಮುಖಕ್ಕೆ ಮಸಿ ಪೆನ್ನಿನಿಂದ ಪೂರ್ತಿ ಬಳಿ. ಪಟ್ಟಿಯನ್ನು ತಟ್ಟೆಯಲ್ಲಿಟ್ಟು ನೀರು ಹಾಕು. ಒಣಗಿದ್ದಾಗ ಉಜ್ಜಬೇಡ, ಆ ಪುಡಿ ಎದೆಗೆ ಒಳ್ಳೆಯದಲ್ಲ. ಮಸಿ ಬಳಿದ ಮುಖವನ್ನು ಕೆಳಗೆ ಮಾಡಿ, ತೋರುಬೆರಳಿನಿಂದ ಒತ್ತಿ, ಎಂಟರ ಆಕಾರದಲ್ಲಿ ಉಜ್ಜು. ಮಸಿ ಎಲ್ಲ ಕಡೆ ಸಮನಾಗಿ ಹೋಗಬೇಕು. ಒಂದು ಮೂಲೆಯಲ್ಲಿ ಉಳಿಯಿತೆಂದರೆ ಬೆರಳು ಓರೆಯಾಗಿ ಒತ್ತಿದೆ ಎಂದರ್ಥ.

ಆಮೇಲೆ ಬಿಲ್ಲೆಯನ್ನು ಬಲಗೈಯಲ್ಲಿ ಹಿಡಿದು, ಎಡ ಹೆಬ್ಬೆರಳ ಉಗುರಿನ ಮೇಲೆ ಅಂಚನ್ನು ಇಟ್ಟು ಮೆಲ್ಲಗೆ ಎಳೆ. ಹರಿತವಾಗಿದ್ದರೆ ಕಚ್ಚುತ್ತದೆ, ಮೊಂಡಾಗಿದ್ದರೆ ಜಾರುತ್ತದೆ. ಕಚ್ಚಿತೋ ಜಾರಿತೋ ಬರೆ. ಬಿಲ್ಲೆ ಹಿಡಿದ ಬೆರಳ ತುದಿಗೆ ಹೇಗೆ ಅನ್ನಿಸಿತು ಅದನ್ನೂ ಬರೆ. ಸ್ವಲ್ಪ ವಿವರವಾಗಿ ಬರೆ.

ಕೆಡಿಸಿದ ಎರಡನ್ನು ಎಸೆಯಬೇಡ. ಕಿಟಕಿಯ ಮೇಲಿಡು, ಕಣ್ಣಿಗೆ ಬೀಳುತ್ತಿರಲಿ.

ಬೆರಳು ಚೆನ್ನಾಗಿದೆ.

ಅಪ್ಪ


ಜೂನ್ 19

ಸರ್ವಾಧಿಕಾರಿಗಳ ಪಾದಾರವಿಂದಗಳಿಗೆ,

ಅಪ್ಪಣೆಯಂತೆ ಮಸಿ ಬಳಿಯಲಾಯಿತು. ಬಿಲ್ಲೆಗೆ ಅರ್ಧ, ನನ್ನ ಮೂಗಿಗೆ ಅರ್ಧ. ಮೊದಲನೆಯದರಲ್ಲಿ ಒಂದು ಮೂಲೆಯ ಮಸಿ ಹಟ ಹಿಡಿದು ಕೂತಿತು. ನನ್ನ ಬೆರಳು ಹುಟ್ಟಾ ಓರೆ ಎಂಬುದು ಸಾಬೀತಾಯಿತು. ನಾಲ್ಕಾರು ಸಲದ ಮೇಲೆ ಎಲ್ಲ ಮಸಿಯೂ ಒಟ್ಟಿಗೆ ಬಿಟ್ಟು, ಮುಖದಲ್ಲಿ ನನ್ನ ಕಣ್ಣು ಕಾಣಿಸುವಷ್ಟು ಹೊಳಪು ಬಂತು. ನೀರು ಸ್ಲೇಟು ತೊಳೆದ ಹಾಗೆ ಬೂದಿ ಬಣ್ಣಕ್ಕೆ ತಿರುಗಿತು. ಉಗುರಿಗೆ ಹಿಡಿದೆ. ಕಚ್ಚಿತು. ಹಿಡಿದ ಬೆರಳಿಗೆ ಹೇಗೆ ಅನ್ನಿಸಿತೆಂದರೆ, ಗಾಳಕ್ಕೆ ಪುಟ್ಟ ಮೀನು ಬಾಯಿ ಹಾಕಿ ಎಳೆದ ಹಾಗೆ. ಇನ್ನೂ ಎಳೆಯಲೋ ಬೇಡವೋ ಎಂದು ಕೇಳಿದ ಹಾಗೆ.

ಆದರೆ ಇಷ್ಟೆಲ್ಲ ವಿವರ ತಮಗೆ ಯಾಕೆ ಬೇಕಾಯಿತು? ಕಚ್ಚುವುದು ಹೇಗಿರುತ್ತದೆ ಎಂದು ತಮಗೆ ನಾನು ಹೇಳುವುದೆಂದರೆ, ಮೀನಿಗೆ ಈಜು ಕಲಿಸಿದಂತೆ ಆಗಲಿಲ್ಲವೇ?

ತಮ್ಮ ಕಾಗದವನ್ನು ತಿರುವಿ ನೋಡಿದೆ. ಹಿಂಬದಿಯಲ್ಲಿ ಅಕ್ಷರಗಳೆಲ್ಲ ಉಬ್ಬಿ ನಿಂತಿವೆ. ಮೊದಲು ತಾವು ಪೆನ್ನನ್ನು ಇಷ್ಟು ಒತ್ತುತ್ತಿರಲಿಲ್ಲ. ಅಮ್ಮ ಆ ಉಬ್ಬಿನ ಮೇಲೆ ಕೈಯಾಡಿಸಿ, ಕಾಗದವನ್ನು ಸಕ್ಕರೆ ಡಬ್ಬದ ಕೆಳಗಿಟ್ಟಳು, ಚಪ್ಪಟೆಯಾಗಲಿ ಎಂಬಂತೆ.

ಇನ್ನೊಂದು ಸಣ್ಣ ವಿಷಯ. ಮೂರು ದಿನದ ಹಿಂದೆ ಒಂದು ಕಂಬ ಕಡೆಯುತ್ತಿದ್ದಾಗ ಬಿಲ್ಲೆ ಮೊಂಡಾದದ್ದು ಗೊತ್ತಾಯಿತು. ಇದೊಂದು ಮುಗಿಸಿಬಿಡೋಣ ಅಂದುಕೊಂಡು ಬಲವಾಗಿ ಒತ್ತಿದೆ. ಉಳಿ ಮರಕ್ಕೆ ಸಿಕ್ಕಿಕೊಂಡಿತು. ಕಂಬ ಕಿತ್ತು ಹಾರಿ ತಗಡಿನ ಗೋಡೆಗೆ ಬಡಿಯಿತು. ನನಗೆ ಏನೂ ಆಗಿಲ್ಲ. ಏನೂ ಅಂದರೆ ಏನೂ ಇಲ್ಲ. ಈಗ ನಾನು ಲೇತು ನಡೆಸುವಾಗೆಲ್ಲ ಅಮ್ಮ ಬಾಗಿಲಲ್ಲಿ ನಿಂತು ಪಾತ್ರೆ ಒರೆಸುತ್ತಿರುತ್ತಾಳೆ. ಒಂದೇ ಪಾತ್ರೆ. ಆವತ್ತು ನೀನೂ "ಇದೊಂದು ಮುಗಿಸಿಬಿಡ್ತೀನಿ, ಊಟಕ್ಕೆ ಬಂದೆ" ಅಂದಿದ್ದೆಯಲ್ಲ ಅಪ್ಪಾ, ಅದು ಅವಳಿಗೆ ಇನ್ನೂ ಕೇಳಿಸುತ್ತಿದೆ ಅನ್ನಿಸುತ್ತೆ. ನನಗೂ ಕೇಳಿಸಿತು, ಕಂಬ ಹಾರಿದ ಮೇಲೆ.

ಕಪಿ


ಜೂನ್ 26

ಕಪಿ,

ಮೊದಲು ಲೇತು ನಿಲ್ಲಿಸು. ಸ್ವಿಚ್ಚಿನ ಫ್ಯೂಸು ಕಿತ್ತು ಅಮ್ಮನ ಕೈಗೆ ಕೊಡು.

ಕಾಗದದ ಮುಕ್ಕಾಲು ಭಾಗ 'ತಾವು' ಇತ್ತು, ಕೊನೆಗೆ 'ನೀನು' ಬಂತು. ಚಿಕ್ಕಂದಿನಿಂದಲೂ ನಿನ್ನದು ಇದೇ ಲೆಕ್ಕ. ಮರ ಹತ್ತುವಾಗ 'ತಾವು ಅಲ್ಲಿಂದಲೇ ನೋಡತಕ್ಕದ್ದು', ಬಿದ್ದ ಮೇಲೆ 'ಅಪ್ಪಾ, ನೀನೆಲ್ಲಿ'. ಆದ್ದರಿಂದ ಏನೂ ಆಗಿಲ್ಲ ಎಂದು ನನಗೆ ಬರೆಯಬೇಡ.

ಒತ್ತಬೇಕು ಅನ್ನಿಸಿದ ಕ್ಷಣವೇ ನಿಲ್ಲಿಸಬೇಕು. ಹರಿತವಿದ್ದ ಬಿಲ್ಲೆಗೆ ಒತ್ತಡ ಬೇಡ. ಇದನ್ನು ನಿನಗೆ ಹೇಳುವ ಮುಖ ನನಗಿಲ್ಲ. ಆದರೂ ಹೇಳಿದ್ದೇನೆ.

ಮೊಂಡಾದ ಬಿಲ್ಲೆಗಳನ್ನೂ ಪಟ್ಟಿಯನ್ನೂ ನನಗೆ ಕಳಿಸು. ನಾನೇ ಉಜ್ಜಿ ಕಳಿಸುತ್ತೇನೆ. ಕಟ್ಟು ಬಿಚ್ಚಿದ್ದಾರೆ, ಕೈಗೂ ಏನಾದರೂ ಕೆಲಸ ಬೇಕು. ಆಗಸ್ಟ್ ಮೊದಲ ವಾರ ಬರುತ್ತೇನೆ. ಮೇಸ್ತ್ರಿಗೆ ಹೇಳು, ಮೆಟ್ಟಿಲ ಬುಡದ ದೊಡ್ಡ ಕಂಬವನ್ನು ನಾನೇ ಕಡೆಯುತ್ತೇನೆ. ಆ ತೂಕದ ಮರಕ್ಕೆ ಬೇರೆ ಯಾರೂ ಕೈ ಹಾಕುವುದು ಬೇಡ.

ಬೆರಳು ಚೆನ್ನಾಗಿದೆ.

ಅಪ್ಪ


ಜುಲೈ 2

ಅತ್ತೆಗೆ ಅನಂತ ನಮಸ್ಕಾರಗಳು.

ಇದು ಪರಮ ರಹಸ್ಯ. ಓದಿದ ಕೂಡಲೇ ಕಾಗದವನ್ನು ನುಂಗತಕ್ಕದ್ದು. ಹೊಟ್ಟೆಗೆ ಆಗದಿದ್ದರೆ ಗುಂಡಿ ಡಬ್ಬಿಯ ತಳದಲ್ಲಿ ಹಾಕಿದರೂ ನಡೆದೀತು.

ಅಪ್ಪನ ಹೆಸರಿಗೆ ಒಂದು ಪೊಟ್ಟಣ ಕಳಿಸಿದ್ದೇನೆ. ಅದರಲ್ಲಿ ವಜ್ರದ ಪಟ್ಟಿಯ ಜೊತೆ ಆರು ಬಿಲ್ಲೆಗಳಿವೆ. ಐದು ಮೊಂಡು. ಆರನೆಯದು ಹೊಚ್ಚಹೊಸದು, ಅಂಗಡಿಯ ಕಾಗದ ಬಿಚ್ಚಿ, ಒಂದು ಸಲ ಉಗುರಿಗೆ ಹಿಡಿದು ನೋಡಿ ಹಾಕಿದ್ದು. ಕಣ್ಣಿಗೆ ಗೊತ್ತಾಗದಿರಲೆಂದು ಆರಕ್ಕೂ ಕಪ್ಪು ಮಸಿ ಬಳಿದಿದ್ದೇನೆ. ಅಪ್ಪನಿಗೆ ಯಾವತ್ತೂ ಉಗುರಿನವರೆಗೆ ಹೋಗಬೇಕಾಗಿಯೇ ಇರಲಿಲ್ಲ. ಡಬ್ಬಿಗೆ ಕೈ ಹಾಕಿ, ಬಾಯಲ್ಲಿ ಬೇರೇನೋ ಮಾತಾಡುತ್ತ, ಹರಿತದ್ದನ್ನೇ ಎತ್ತುತ್ತಿದ್ದ. ಬೆರಳು ನಿಜವಾಗಿ ಚೆನ್ನಾಗಿದ್ದರೆ ಹೊಸದನ್ನು ಮುಟ್ಟಿದೊಡನೆ ನನಗೆ ಬೈಗುಳ ಬರುತ್ತದೆ. ಬೈಗುಳಕ್ಕಾಗಿ ನಾನು ಹೀಗೆ ಕಾದು ಕೂತದ್ದು ಹುಟ್ಟಿದ ಮೇಲೆ ಇದೇ ಮೊದಲು.

ಯಾಕೆ ಈ ಕಪಟ ಎಂದು ಕೇಳಬಹುದು. ದೊಡ್ಡ ಕಂಬದ ಮರ ಬಂದು ಶೆಡ್ಡಿನಲ್ಲಿ ಮಲಗಿದೆ. ನಾನೂ ಮೇಸ್ತ್ರಿಯೂ ಸೇರಿ ಎತ್ತಿದರೂ ಒಂದು ತುದಿ ಮಾತ್ರ ಏಳುತ್ತದೆ. ಅಂಥದ್ದು ತಿರುಗುತ್ತಿರುವಾಗ ಉಳಿ ಒಂದಿಷ್ಟು ನಡುಗಿದರೂ ಬೆರಳಿಗೆ ಮೊದಲು ತಿಳಿಯಬೇಕು. ತಿಳಿಯದೆ ಹೋದರೆ ಮರವೇ ತಿಳಿಸುತ್ತದೆ. ಈ ಸಲವೂ ಮಣಿಕಟ್ಟಿಗೇ ಬಡಿಯಬೇಕೆಂದು ಅದಕ್ಕೇನೂ ಹರಕೆ ಇಲ್ಲವಲ್ಲ.

ಅಪ್ಪನದು ಬಿಲ್ಲೆಗಿಂತ ದೊಡ್ಡ ಮೊಂಡು. "ಚೆನ್ನಾಗಿದೆ" ಎನ್ನುವುದನ್ನು ಬಿಟ್ಟು ಬೇರೇನೂ ಹೇಳುವುದಿಲ್ಲ. ನೀವು ಕಂಡದ್ದನ್ನು ಕಂಡ ಹಾಗೆ ಬರೆಯಿರಿ.

ನಿಮ್ಮ ಗೂಢಚಾರಿಣಿ
ಕಪಿ


ಜುಲೈ 10

ಕಪಿ,

ಬಿಲ್ಲೆಗಳನ್ನು ಉಜ್ಜಿ ಈ ಕಾಗದದ ಜೊತೆ ಕಳಿಸಿದ್ದೇನೆ. ಆರೂ ಮೊಂಡೇ ಇದ್ದವು. ಅದರಲ್ಲೂ ಒಂದನ್ನು ಎಷ್ಟು ಹೊತ್ತು ಉಜ್ಜಿದರೂ ತೃಪ್ತಿಯಾಗಲಿಲ್ಲ. ಈಗ ಪರವಾಗಿಲ್ಲ.

ಮಸಿ ಬಳಿದೇ ಕಳಿಸಿದ್ದು ಒಳ್ಳೆಯದಾಯಿತು. ಆದರೆ ಚೇಷ್ಟೆ ಮಾತ್ರ ಬಿಡಲಿಲ್ಲವಲ್ಲ ನೀನು. ಮೇಲೆ ಕಪ್ಪು, ಅದರಡಿ ಕೆಂಪು ಮಸಿ. ಮೂರನೆಯ ಬಿಲ್ಲೆಯ ಹೊತ್ತಿಗೆ ತಟ್ಟೆಯ ನೀರು ಕೆಂಪಾಯಿತು. ಅಪ್ಪ ಹೆದರಲಿ ಅಂತ ತಾನೆ? ಹೆದರಲಿಲ್ಲ. ನೀರು ಬದಲಿಸಿದೆ, ಮತ್ತೆ ಕೆಂಪಾಯಿತು. ಕೈಗೆ ಅಂಟಿದ್ದು ಸೋಪು ಹಚ್ಚಿ ತಿಕ್ಕಿದರೂ ಬೇಗ ಹೋಗಲಿಲ್ಲ. ಗಟ್ಟಿ ಮಸಿ. ಯಾವ ಅಂಗಡಿಯದು?

ಬಸ್ಸಿನ ಟಿಕೆಟ್ ಮಾಡಿಸಲು ಹೇಳಿದ್ದೇನೆ. ದೊಡ್ಡ ಮರವನ್ನು ಗೋಡೆಗೆ ತಾಗದಂತೆ ಇಡು.

ಬೆರಳು ಚೆನ್ನಾಗಿದೆ. ಒಂದಿಷ್ಟೂ ನೋವಿಲ್ಲ.

ಅಪ್ಪ


ಜುಲೈ 14

ಅಪ್ಪಾ,

ನಾನು ಬಳಿದದ್ದು ಕಪ್ಪು ಮಸಿ ಒಂದೇ. ನಮ್ಮ ಮನೆಯಲ್ಲಿ ಕೆಂಪು ಪೆನ್ನೇ ಇಲ್ಲ.

ನಿನ್ನ ಬಲಗೈಯ ತೋರುಬೆರಳನ್ನು ಬೆಳಕಿಗೆ ಹಿಡಿದು ನೋಡು. ನೀನೊಬ್ಬನೇ ನೋಡಬೇಡ, ಅತ್ತೆಗೂ ತೋರಿಸು.

ಚೇಷ್ಟೆ ಮಾಡಿದ್ದು ನಿಜ. ಆದರೆ ಅದು ಬೇರೆ. ಆರರಲ್ಲಿ ಒಂದು ಬಿಲ್ಲೆ ಹೊಸದು. ನಿನಗೆ ತೃಪ್ತಿ ಕೊಡದೆ ಸತಾಯಿಸಿದ್ದು ಅದೇ ಇರಬೇಕು. ಹೊಸದು ಎಂದು ಕಂಡುಹಿಡಿದು ನೀನು ನನಗೆ ಛೀಮಾರಿ ಹಾಕುತ್ತೀಯೆಂದು ಕಾಯುತ್ತಿದ್ದೆ. ನಗುವುದಕ್ಕೆ ಏನೇನು ಬರೆಯಬೇಕೆಂದು ಯೋಚಿಸಿಯೂ ಇಟ್ಟುಕೊಂಡಿದ್ದೆ.

ಅಮ್ಮನಿಗೆ ನಿನ್ನ ಕಾಗದ ಓದಿ ಹೇಳುವಾಗ ಕೆಂಪು ನೀರಿನ ಸಾಲುಗಳನ್ನು ಬಿಟ್ಟು ಓದಿದೆ. "ನಡುವೆ ಏನೋ ನುಂಗಿದೆ ನೀನು" ಅಂದಳು. ಇಲ್ಲಮ್ಮ ಅಂದೆ. ಆಮೇಲೆ ಅವಳು ಒಲೆ ಹಚ್ಚಿ, ಮೇಲೆ ಏನೂ ಇಡದೆ, ನೋಡುತ್ತ ನಿಂತಿದ್ದಳು.

ಮೇಸ್ತ್ರಿ ಬಂದು ದೊಡ್ಡ ಮರವನ್ನು ತಟ್ಟಿ ನೋಡಿ, ಅಪ್ಪ ಬಂದ ತಕ್ಷಣ ಶುರು ತಾನೆ ಎಂದು ಕೇಳಿದರು. ಹ್ಞೂಂ ಅಂದೆ. ನಿನ್ನ ಹಾಗೇ.

ಬರಬೇಡ ಎಂದು ಹೇಳುತ್ತಿಲ್ಲ. ಆ ಮರದ ಮುಂದೆ ನಿಲ್ಲಬೇಡ.

ನಿನ್ನ ಮಗಳು


ಜುಲೈ 22

ಮುದ್ದು ಕಪಿಗೆ,

ನಿನ್ನ ಗುಟ್ಟಿನ ಕಾಗದ ಗುಂಡಿ ಡಬ್ಬಿಯಲ್ಲಿದೆ. ನುಂಗಲಿಲ್ಲ, ನನಗೆ ಪಿತ್ತ.

ತಡವಾಗಿ ಬರೆಯುತ್ತಿದ್ದೇನೆ. ಬರೆಯುವುದಕ್ಕೆ ಮೊದಲು ಅವನೇ ಬರೆಯಲಿ ಎಂದು ಕಾದೆ. ಅವನು ಪೆನ್ನು ಮುಟ್ಟಲಿಲ್ಲ.

ನಿಜ ಹೇಳುತ್ತೇನೆ, ನನಗೆ ಮೊದಲೇ ಅನುಮಾನವಿತ್ತು. ಅಂಗಿಯ ಗುಂಡಿ ಹಾಕಿಕೊಳ್ಳುವಾಗ ಬಾಗಿಲು ಮುಚ್ಚಿಕೊಳ್ಳುತ್ತಾನೆ. ಒಂದು ದಿನ ಬಿದ್ದ ಗುಂಡುಸೂಜಿ ಎತ್ತಿಕೊಡೋ ಅಂದರೆ, ಸೂಜಿಯ ಮೇಲೆ ಬೆರಳಿಟ್ಟುಕೊಂಡೇ ನೆಲವೆಲ್ಲ ಹುಡುಕಿದ. ನಾನು ನೋಡದವಳ ಹಾಗೆ ಬಟ್ಟೆ ಕತ್ತರಿಸುತ್ತಿದ್ದೆ. ಕೇಳಿದ್ದರೆ "ಚೆನ್ನಾಗಿದೆ ಅಕ್ಕಾ" ಅನ್ನುತ್ತಿದ್ದ, ನಾನೂ ನಂಬಿದ ಹಾಗೆ ಮಾಡಬೇಕಾಗುತ್ತಿತ್ತು.

ಕೆಂಪು ನೀರಿನ ದಿನ ನಾನು ಗಿರಾಕಿಗೆ ಅಳತೆ ತೆಗೆಯುತ್ತಿದ್ದೆ. "ನೋಡಕ್ಕಾ ನಿನ್ನ ಸೊಸೆ ಮಾಡಿದ ಕೆಲಸ" ಎಂದು ತಟ್ಟೆ ತೋರಿಸಿದ. ನಾನೂ ನಕ್ಕೆ ಕಣೇ. ಅದೇ ನನ್ನನ್ನು ಈಗ ಕೊರೆಯುತ್ತಿರುವುದು.

ನಿನ್ನ ಕಾಗದ ಬಂದಾಗ ಕಿಟಕಿಯ ಹತ್ತಿರ ನಿಂತು ಓದಿದ. ಎರಡು ಸಲ ಓದಿದ. ಆಮೇಲೆ ಬಂದು ಯಂತ್ರದ ದೀಪದ ಕೆಳಗೆ ಕೈ ಚಾಚಿದ. ಬೆರಳ ತುದಿಯ ಚರ್ಮ ಒಂದು ಕಡೆ ಹೋಗಿ ಒಣಗುತ್ತಿತ್ತು. ಅವನು ಬಿಲ್ಲೆಯನ್ನು ಉಜ್ಜಿದ್ದಾನೆ, ಜೊತೆಗೆ ಬೆರಳನ್ನೂ.

"ಅಕ್ಕಾ, ಇದು ನೋಯಬೇಕಿತ್ತು ಅಲ್ವಾ?" ಅಂದ.

"ನೋಯಬೇಕಿತ್ತು ಕಣೋ" ಅಂದೆ.

ಔಷಧಿ ಹಚ್ಚಿಸಿಕೊಂಡ, ಚಿಕ್ಕ ಹುಡುಗನ ಹಾಗೆ ಕೈ ಚಾಚಿಕೊಂಡೇ ಕೂತಿದ್ದ. ಡಾಕ್ಟರ ಹತ್ತಿರ ನಾನೂ ಹೋಗಿದ್ದೆ. ನರ ನಿಧಾನವಾಗಿ ಬೆಳೆಯುತ್ತದೆ, ತುದಿಯವರೆಗೆ ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು. ದಾರಿಯಲ್ಲಿ ಒಂದು ಬಡಗಿಯ ಅಂಗಡಿಯ ಮುಂದೆ ನಿಂತುಬಿಟ್ಟ. ಒಳಗೆ ಯಂತ್ರ ಓಡುತ್ತಿತ್ತು. ಕಣ್ಣು ಮುಚ್ಚಿ ನಿಂತಿದ್ದವನು, "ಬ್ಲೇಡು ಮೊಂಡಾಗಿದೆ, ಅವನಿಗೆ ಗೊತ್ತಿಲ್ಲ" ಅಂದ. ನನಗೇನೂ ಕೇಳಿಸಲಿಲ್ಲ.

ಟಿಕೆಟ್ ರದ್ದು ಮಾಡಿಸಿಲ್ಲ. ಅವನ ತಲೆಯಲ್ಲಿ ಏನಿದೆಯೋ ನನಗೆ ತಿಳಿಯದು. ಅಮ್ಮನಿಗೆ ಧೈರ್ಯ ಹೇಳು.

ಅತ್ತೆ


ಜುಲೈ 31

ಕಪಿ,

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ನೋಡಿ ನಗು.

ಹರಿತದ ಬಿಲ್ಲೆ ಉಸ್ಸೆನ್ನುತ್ತದೆ. ಮೊಂಡಾಗುವ ಮೊದಲು ಸಣ್ಣಗೆ ಕೀರಲು ದನಿ ಬರುತ್ತದೆ, ಒತ್ತುವವರ ಕಿವಿಗೆ ಬೀಳುವುದಿಲ್ಲ. ಪಕ್ಕದಲ್ಲಿ ಕೂತವರಿಗೆ ಕೇಳಿಸುತ್ತದೆ.

ಐದನೆಯ ತಾರೀಖು ಬರುತ್ತೇನೆ. ಸ್ಟೂಲು ಒಳಗೆ ತಂದಿಡು.

ಅಪ್ಪ


ಆಗಸ್ಟ್ 2

ಮಹಾರಾಜರಾಜಶ್ರೀ ಸರ್ವಾಧಿಕಾರಿಗಳೂ, ಇನ್ನು ಮುಂದೆ ಪ್ರಧಾನ ಶ್ರವಣಾಧಿಕಾರಿಗಳೂ ಆದ ಅಪ್ಪನವರಿಗೆ,

ಸ್ಟೂಲಿನ ಗಡೀಪಾರು ಶಿಕ್ಷೆಯನ್ನು ಇಂದು ಬೆಳಿಗ್ಗೆ ವಿಧ್ಯುಕ್ತವಾಗಿ ರದ್ದುಗೊಳಿಸಲಾಯಿತು. ಮುದ್ರೆ ಒತ್ತಿದವಳು ಅಮ್ಮ, ಒದ್ದೆ ಬಟ್ಟೆಯಿಂದ. ಬಿಸಿಲಿಗೂ ಗೆದ್ದಲಿಗೂ ಸಿಕ್ಕಿ ಅಪರಾಧಿಯ ಒಂದು ಕಾಲು ಪೂರ್ತಿ ಹೋಗಿದೆ. ಅಮ್ಮ ಫ್ಯೂಸನ್ನು ಸೆರಗಿನ ಗಂಟಿನಿಂದ ಬಿಚ್ಚಿ ಕೊಟ್ಟಳು. ಕೊಡುವಾಗ ನನ್ನ ಕೈಯನ್ನು ಬಿಡಲಿಲ್ಲ, ಸ್ವಲ್ಪ ಹೊತ್ತು.

ಹೊಸ ಕಾಲನ್ನು ನಾನೇ ಕಡೆದೆ. ಬಿಲ್ಲೆ ಯಾವುದೆಂದರೆ, ತಮ್ಮನ್ನು ಸತಾಯಿಸಿದ ಆ ಹೊಸದು, ಸ್ಕ್ರೂ ತಾಗಿದ ಗುರುತಿಲ್ಲದ್ದು ಅದೊಂದೇ. ಉಗುರಿಗೆ ಹಿಡಿದೆ. ಕಚ್ಚಿತು. ಅಂಗಡಿಯಿಂದ ಬಂದಾಗ ಕಚ್ಚಿದ್ದಕ್ಕಿಂತ ಚೆನ್ನಾಗಿ ಕಚ್ಚಿತು, ಇದು ಮುಖಸ್ತುತಿಯಲ್ಲ. ಕಡೆಯುವಾಗ ಬೇಕೆಂದೇ ಕಿವಿಗೊಟ್ಟೆ. ಉಸ್ ಅಂತಲೇ ಇತ್ತು. ಕೀರಲು ದನಿ ಯಾವಾಗ ಶುರುವಾಗುತ್ತದೋ ನನಗೆ ತಿಳಿಯಲಿಲ್ಲ. ತಿಳಿಯಲಿಲ್ಲವಾದ್ದರಿಂದ ಎರಡು ಸಲ ಸುಮ್ಮಸುಮ್ಮನೆ ನಿಲ್ಲಿಸಿದೆ.

ತಮ್ಮ ಕಾಗದದ ಹಿಂಬದಿ ನೋಡಿದೆ. ಸಮತಟ್ಟಾಗಿದೆ. ಅಮ್ಮ ಅದನ್ನು ಡಬ್ಬದ ಕೆಳಗಿಡಲಿಲ್ಲ, ಕನ್ನಡಿಯ ಸಂದಿಗೆ ಸಿಕ್ಕಿಸಿದ್ದಾಳೆ. ಅಕ್ಷರ ಮಾತ್ರ ಕೋಳಿ ಕೆದರಿದ ಹಾಗಿದೆ ಎಂದು ವಿನಯಪೂರ್ವಕವಾಗಿ ತಿಳಿಸುತ್ತೇನೆ.

ಮೇಸ್ತ್ರಿಗೆ ವಿಷಯ ಹೇಳಿದೆ. ಬುಡದ ಕಂಬವನ್ನು ನಾನು ಕಡೆಯುತ್ತೇನೆ, ಅಪ್ಪ ಕೇಳುತ್ತಾರೆ ಎಂದೆ. ಏನು ಕೇಳ್ತಾರೆ ಅಂದರು. ಮರ ಹೇಳಿದ್ದನ್ನು ಕೇಳುತ್ತಾರೆ ಎಂದೆ. ಅವರು ನನ್ನನ್ನು ಮತ್ತೆ ಮೇಲಿಂದ ಕೆಳಗೆ ನೋಡಿದರು. ಆದರೆ ಈ ಸಲ ಅಪ್ಪ ಯಾವಾಗ ಬರುತ್ತಾರೆ ಎಂದು ಕೇಳಲಿಲ್ಲ, ನೀನು ಯಾವಾಗ ಶುರು ಮಾಡ್ತೀಯ ಅಂದರು. ಇದನ್ನೂ ದಾಖಲಿಸಲಾಗಿದೆ.

ಸ್ಟೂಲನ್ನು ಲೇತಿನ ಎಡಕ್ಕೆ, ಮರ ಹಾರಿದರೂ ತಾಗದ ಕಡೆ ಇಟ್ಟಿದ್ದೇನೆ. ಹೊಸ ಕಾಲು ಕೂದಲೆಳೆಯಷ್ಟು ಗಿಡ್ಡ, ಕೂತರೆ ಟಕ್ ಎನ್ನುತ್ತದೆ. ತಾವು ದಯಮಾಡಿಸಿ, ಕೂತು, ಟಕ್ ಎನಿಸಿ, ಬೈಯುವ ಕೃಪೆ ಮಾಡಬೇಕು.

ದೊಡ್ಡ ಮರವನ್ನು ದಿನಾ ಹೋಗಿ ಒಂದು ಸಲ ಮುಟ್ಟಿ ಬರುತ್ತೇನೆ. ಅದು ತುಂಬ ದೊಡ್ಡದಿದೆ ಅಪ್ಪಾ. ಮೊದಲನೆಯ ಬಸ್ಸಿಗೇ ಬಾ.

ಕಪಿ